ಗಣಿತದ ಹುದ್ದೆ ಖಾಲಿ: ಹಂಚಿಕೆಯೋ, ನಿಯೋಜನೆಯೋ, ಅತಿಥಿ ಶಿಕ್ಷಕರೋ?

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆ ಸಣ್ಣ ಸರ್ಕಾರಿ ಪ್ರೌಢಶಾಲೆ ಅಂದರೆ ಎಂಟು, ಒಂಬತ್ತು, ಹತ್ತು, ತಲಾ ಒಂದೇ ವಿಭಾಗ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಶಿಕ್ಷಕರ ಹುದ್ದೆ ಖಾಲಿ ಬಿದ್ದರೆ, ತರಗತಿಗೆ 6ರಂತೆ ಹಿಡಿದರೂ, ವಾರಕ್ಕೆ 18 ಗಣಿತದ ಪೀರಿಯಡ್ ತೆಗೆದುಕೊಳ್ಳುವವರಿಲ್ಲ. ಇರುವ ಶಿಕ್ಷಕರಲ್ಲೇ ಹಂಚಿಕೆ, ಬೇರೆ ಶಾಲೆಯ ಶಿಕ್ಷಕರ ನಿಯೋಜನೆ, ಗೌರವಧನದ ಮೇಲೆ ತಾತ್ಕಾಲಿಕ ಅತಿಥಿ ಶಿಕ್ಷಕರು, ಈ ಮೂರೂ ದಾರಿ ನಡೆಸಿ ನೋಡಿದ ಮೇಲೆ ಹೇಳುವುದಿಷ್ಟೆ: ಮೊದಲು ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆಯಿರಿ, ಆಮೇಲೆ ಶಿಕ್ಷಕರನ್ನು ಹುಡುಕಿ.

ಇರುವವರಲ್ಲೇ ಹಂಚಿಕೊಳ್ಳುವುದು ಎರಡು ಮೂರು ವಾರದ ಮಾತು. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರಿಗೆ ವಿಜ್ಞಾನದ 18ರ ಮೇಲೆ ಗಣಿತದ 18 ಸೇರಿ 36 ಆಗುತ್ತದೆ. ಹತ್ತನೇ ತರಗತಿಯ ತ್ರಿಕೋನಮಿತಿಗೆ ಬಂದಾಗ ಪದವಿಯಲ್ಲಿ ಗಣಿತ ಓದದವರು ತಡವರಿಸುತ್ತಾರೆ. ಇದಕ್ಕಿಂತ ಕೆಟ್ಟದ್ದು, ವೇಳಾಪಟ್ಟಿ ತುಂಬಿದಂತೆ ಕಾಣುತ್ತದೆ, ಕೊರತೆ ಮುಚ್ಚಿಹೋಗುತ್ತದೆ. ಆ ಪೀರಿಯಡ್‌ಗಳ ಪಕ್ಕದಲ್ಲಿ 'ಹುದ್ದೆ ಖಾಲಿ' ಎಂದು ಬರೆದೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿ.

ನಿಯೋಜನೆಯಲ್ಲಿ ಪಾಠ ಗಟ್ಟಿ, ದಿನ ಕಡಿಮೆ. ವಾರಕ್ಕೆ ಮೂರೇ ದಿನವಾದರೆ ಸೋಮ, ಬುಧ, ಶುಕ್ರ ಕೇಳಿ. ಸೋಮದಿಂದ ಬುಧವಾರದವರೆಗೆ ಒಟ್ಟಿಗೆ ಮುಗಿಸಿದರೆ ಮುಂದಿನ ನಾಲ್ಕು ದಿನ ಮಕ್ಕಳು ಲೆಕ್ಕ ಮುಟ್ಟುವುದಿಲ್ಲ. ದಿನಕ್ಕೆ ತರಗತಿಗೆ ಎರಡು ಪೀರಿಯಡ್: ಒಂದು ಪಾಠಕ್ಕೆ, ಇನ್ನೊಂದು ಲೆಕ್ಕ ಬಿಡಿಸಲಿಕ್ಕೆ. ಒಂದು ದಿನ ತರಬೇತಿಯೋ ಚುನಾವಣಾ ಕೆಲಸವೋ ಬಂದರೆ ಆರು ಪೀರಿಯಡ್ ಒಮ್ಮೆಲೇ ಹೋಗುತ್ತವೆ.

ಅತಿಥಿ ಶಿಕ್ಷಕರೇ ನಮ್ಮ ಮೊದಲ ಆಯ್ಕೆ, ಆದರೆ ಅವರು ಅದೇ ಊರಿನವರೋ ಪಕ್ಕದ ಊರಿನವರೋ ಆಗಿರಬೇಕು. ಕಾರಣ ಮಕ್ಕಳಲ್ಲೇ ಇದೆ, ಹಿಂದಿನ ವರ್ಷದ ಹಾಜರಿ ಪುಸ್ತಕ ಅದನ್ನೇ ತೋರಿಸುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಹೆಣ್ಣುಮಕ್ಕಳ ಹಾಜರಿ ಇಳಿಯುತ್ತದೆ. ತಾಂಡಾಗಳಿಂದ ಬೆಂಗಳೂರು, ಪುಣೆಗೆ ಗುಳೆ ಹೋದ ಮನೆಗಳ ಮಕ್ಕಳು ನಡುವರ್ಷ ಮರಳುತ್ತಾರೆ. ಬಿಟ್ಟುಹೋದ ಪಾಠಕ್ಕೆ ಬೆಳಿಗ್ಗೆ ಶಾಲೆ ಶುರುವಾಗುವ ಮುನ್ನ ಒಂದು ತಾಸು ಬೇಕು. ಬಸ್ಸು ಹಿಡಿದು ಬರುವವರಿಂದ ಅದು ಆಗದು. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಪದಲೆಕ್ಕವನ್ನು ಅದೇ ಮಾತಿನಲ್ಲಿ ಬಿಡಿಸಿ ಹೇಳುವವರು ಸಿಕ್ಕರಂತೂ ಬಿಡಬೇಡಿ.

ತೊಂದರೆಯೂ ಉಂಟು. ಗೌರವಧನ ತಡವಾಗುತ್ತದೆ, ಬೇರೆ ನೌಕರಿ ಸಿಕ್ಕರೆ ನಡುವೆಯೇ ಬಿಡುತ್ತಾರೆ. ಅದಕ್ಕೇ ಯಾವ ಅಧ್ಯಾಯ, ಯಾವ ಅಭ್ಯಾಸದವರೆಗೆ ಮುಗಿಯಿತು ಎಂಬ ಪುಸ್ತಕವೊಂದು ಶಾಲೆಯಲ್ಲೇ ಇರಲಿ. ಗಣಿತದ 100ರಲ್ಲಿ 20 ಆಂತರಿಕ ಅಂಕ. ಅವುಗಳ ದಾಖಲೆಯನ್ನು ಪ್ರತಿ ಪರೀಕ್ಷೆ ಮುಗಿದೊಡನೆ ಮುಖ್ಯ ಶಿಕ್ಷಕರು ತಮ್ಮ ಬಳಿ ಇಟ್ಟುಕೊಳ್ಳಬೇಕು. ಶೈಕ್ಷಣಿಕ ವರ್ಷದ ಕೊನೆಗೆ ಅತಿಥಿ ಶಿಕ್ಷಕರ ಅವಧಿ ಮುಗಿಯುತ್ತದೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆ-2 (ಅದೇ ವರ್ಷದ ಎರಡನೇ ಅವಕಾಶ) ಬರೆಯುವ ಮಕ್ಕಳು ಮಾತ್ರ ಉಳಿಯುತ್ತಾರೆ. ಆ ಕೆಲವು ವಾರಗಳಿಗೆ ನಿಯೋಜನೆ ಬೇಕೆಂಬ ಅರ್ಜಿಯನ್ನು ಫೆಬ್ರುವರಿಯಲ್ಲೇ ಕೊಡಿ.