ಮುದಿ ಇಲಿಯ ವಸಡಿಗೆ ಕೊಲ್ಯಾಜಿನೇಸ್ ಟೈಪ್ 4 ಎಷ್ಟು ಒಗ್ಗುತ್ತದೆ?

ಅಂಗಾಂಶವನ್ನು ಹಿಡಿದಿಡುವ ಕೊಲ್ಯಾಜನ್ ಪ್ರೋಟೀನನ್ನು ಕತ್ತರಿಸುವ ಕಿಣ್ವದ ಪುಡಿ ಇದು. ವಸಡಿನಿಂದ ಪ್ರತಿರಕ್ಷಣಾ ಕೋಶಗಳನ್ನು ಬಿಡಿಸಲು ಒಳ್ಳೆಯದೇ. ಆದರೆ ವಯಸ್ಸಾದಂತೆ ಕೊಲ್ಯಾಜನ್ ಎಳೆಗಳ ಅಡ್ಡಬಂಧಗಳು ಹೆಚ್ಚುವುದರಿಂದ 20 ತಿಂಗಳ ಇಲಿಯ ಅಂಗಾಂಶ ಸುಲಭಕ್ಕೆ ಕರಗದು. ಹಾಗೆಂದು ಗಂಟೆಗಟ್ಟಲೆ ಬಿಟ್ಟರೆ ನ್ಯೂಟ್ರೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಸಾಯುತ್ತವೆ. ವಸಡುರೋಗದಲ್ಲಿ ಮುಖ್ಯವಾಗಿ ಎಣಿಸಬೇಕಾದದ್ದೇ ಅವನ್ನು! ನುಣ್ಣಗೆ ಕತ್ತರಿಸಿ, 37 ಡಿಗ್ರಿಯಲ್ಲಿ ಸುಮಾರು 60 ನಿಮಿಷ ಅಲುಗಾಡಿಸಿ, 70 ಮೈಕ್ರಾನ್ ಜಾಲರಿಯಲ್ಲಿ ಸೋಸಿ. ಡಿಎನ್‌ಎ ಕತ್ತರಿಸುವ ಕಿಣ್ವವಾದ ಡಿಎನ್‌ಏಸ್ ಬೆರೆಸದಿದ್ದರೆ ಸತ್ತ ಕೋಶಗಳ ಡಿಎನ್‌ಎ ಅಂಟಾಗಿ ಗಂಟು ಕಟ್ಟುತ್ತದೆ. ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ಇಡಿಟಿಎಯನ್ನು ಕೊನೆಗೇ ಹಾಕಿ, ಕ್ಯಾಲ್ಸಿಯಂ ಕೈತಪ್ಪಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ದೊಡ್ಡ ತಲೆನೋವೆಂದರೆ ಲಾಟ್‌ನಿಂದ ಲಾಟ್‌ಗೆ (ಒಂದು ತಯಾರಿಕಾ ಕಂತಿನಿಂದ ಇನ್ನೊಂದಕ್ಕೆ) ಬದಲಾಗುವ ಕಿಣ್ವದ ಚಟುವಟಿಕೆ: ಮಿಲಿಗ್ರಾಂ ನಂಬದೆ ಚಟುವಟಿಕೆಯ ಯೂನಿಟ್ ಲೆಕ್ಕ ಹಾಕಿ, ಎಳೆಯ ಮತ್ತು ಮುದಿ ಗುಂಪುಗಳಿಗೆ ಒಂದೇ ಲಾಟ್ ಬಳಸಿ. ಹೊಳೆಯುವ ಬಣ್ಣ ಹಾಕಿದ ಕೋಶಗಳನ್ನು ಲೇಸರ್‌ನಿಂದ ಎಣಿಸುವ ಫ್ಲೋ ಸೈಟೊಮೆಟ್ರಿಗೆ ಅದೇ ವಯಸ್ಸಿನ, ಬಣ್ಣ ಹಾಕದ ಮಾದರಿಯೂ ಇರಲಿ. ಮುದಿ ಅಂಗಾಂಶ ತಾನಾಗಿಯೇ ಹೊಳೆಯುತ್ತದೆ.