ಡಿಎನ್ಎಗೆ ಅಂಟಿರೋ ಪ್ಲಾಟಿನಂ ಅಳೆಯೋಕೆ ಮಾರ್ಸ್ 6 ಮೈಕ್ರೋವೇವ್, ತಗೋಬಹುದಾ?

ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್ ಥರದ ಪ್ಲಾಟಿನಂ ಇರೋ ಕ್ಯಾನ್ಸರ್ ಔಷಧಿ ಮೇಲೆ ಕೆಲಸ ಮಾಡೋರು ಲ್ಯಾಬ್‌ಗೆ ಮೈಕ್ರೋವೇವ್ ಡೈಜೆಸ್ಟರ್ (ಸ್ಯಾಂಪಲ್ ಅನ್ನ ಆಸಿಡ್ ಜೊತೆ ಕಾಯಿಸಿ ಕರಗಿಸೋ ಮೆಷಿನ್) ಹುಡುಕ್ತಿದ್ರೆ, ಸಿಇಎಂ ಕಂಪನಿಯ ಮಾರ್ಸ್ 6 ನೋಡ್ಬಹುದು, ನನಗಂತೂ ತುಂಬಾ ಹಿಡಿಸಿದೆ.

ಸಿಸ್‌ಪ್ಲಾಟಿನ್ ಡಿಎನ್ಎ ಒಳಗೆ ಹೋಗಿ ಗ್ವಾನೀನ್‌ನ (ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ಎನ್7 ಅನ್ನೋ ಜಾಗದ ನೈಟ್ರೋಜನ್ ಹಿಡ್ಕೊಳತ್ತೆ, ಅದೂ ಹೆಚ್ಚಾಗಿ ಅಕ್ಕಪಕ್ಕದ ಎರಡು ಗ್ವಾನೀನ್‌ನ ಒಟ್ಟಿಗೆ ಕಟ್ಟಿಹಾಕತ್ತೆ, ಅಲ್ಲಿ ಡಿಎನ್ಎ ಬಾಗ್ಬಿಡತ್ತೆ. ಎಷ್ಟು ಅಂಟಿದೆ ಅಂತ ಗೊತ್ತಾಗ್ಬೇಕಂದ್ರೆ ಡಿಎನ್ಎ ಬೇರ್ಪಡಿಸಿ ಅದ್ರಲ್ಲಿರೋ ಪ್ಲಾಟಿನಂ ಅಳೆದ್ರೆ ಸಾಕು, ಜೀವಕೋಶದಲ್ಲಿ ಅದು ಹೆಚ್ಚುಕಮ್ಮಿ ಇರೋದೇ ಇಲ್ವಲ್ಲ, ಸಿಕ್ಕಿದ್ದೆಲ್ಲಾ ಔಷಧಿದೇ. ಆದ್ರೆ ಐಸಿಪಿ-ಎಂಎಸ್‌ಗೆ (ಲೋಹ ಎಷ್ಟಿದೆ ಅಂತ ಅಳೆಯೋ ಮೆಷಿನ್) ಕೊಡೋ ಮುಂಚೆ ಸ್ಯಾಂಪಲ್ ಪೂರ್ತಿ ಕರಗಿ ತಿಳಿ ನೀರಾಗ್ಬೇಕು.

ಹಾಟ್ ಪ್ಲೇಟ್ ಮೇಲೆ ತೆರೆದ ಬೀಕರಲ್ಲಿ ನೈಟ್ರಿಕ್ ಆಸಿಡ್ ಸುಮಾರು 120 ಡಿಗ್ರಿಗೇ ಕುದಿಯತ್ತೆ, ಅದ್ರ ಮೇಲೆ ಏರಲ್ಲ, ಈ ಮೆಷಿನ್‌ನ ಮುಚ್ಚಿದ ವೆಸೆಲ್‌ನಲ್ಲಿ (ಪಾತ್ರೆಯಲ್ಲಿ) ಪ್ರೆಶರ್ ಇರೋದ್ರಿಂದ 180-200 ಡಿಗ್ರಿ ಆರಾಮಾಗಿ ಹೋಗತ್ತೆ, 2.45 ಗಿಗಾಹರ್ಟ್ಸ್ ಅಲೆ ವೆಸೆಲ್ ಗೋಡೆ ದಾಟಿ ನೇರವಾಗಿ ಆಸಿಡ್‌ನೇ ಕಾಯಿಸತ್ತೆ, ಟ್ಯೂಮರ್ ತುಂಡು ಹಾಕಿದ್ರೂ ಕೊಬ್ಬು ಗಿಬ್ಬು ಏನೂ ಉಳಿಯಲ್ಲ. ಎಕ್ಸ್‌ಪ್ರೆಸ್ ವೆಸೆಲ್ ಸೆಟ್ ತಗೊಂಡ್ರೆ ಒಂದೇ ಸಲ 40 ಸ್ಯಾಂಪಲ್ ಇಡ್ಬಹುದು, ಒಂದೆರಡನ್ನ ಬ್ಲ್ಯಾಂಕ್‌ಗೆ (ಸ್ಯಾಂಪಲ್ ಇಲ್ದೆ ಬರೀ ಆಸಿಡ್) ಬಿಡ್ಲೇಬೇಕು, ಪ್ಲಾಟಿನಂ ಗೋಡೆಗೆ ಅಂಟ್ಕೊಂಡು ಮುಂದಿನ ರನ್‌ಗೂ ಬರೋ ಸ್ವಭಾವದ್ದು, ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಚೆನ್ನಾಗಿ ತೊಳೀರಿ.

ಈ ಥರದ ಯಾವ ಮೆಷಿನ್ ತಗೊಂಡ್ರೂ ಆರೋವರೆಗೂ ಕಾಯ್ಲೇಬೇಕು, ಅವಸರಕ್ಕೆ ಮುಚ್ಚಳ ತೆಗೆದ್ರೆ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಮುಖಕ್ಕೇ ಬರತ್ತೆ, ಫ್ಯೂಮ್ ಹುಡ್ ಒಳಗೇ ತೆಗೀರಿ. ಅಡುಗೆಮನೆ ಮೈಕ್ರೋವೇವಲ್ಲಿ ಟ್ರೈ ಮಾಡ್ತೀನಿ ಅನ್ನೋರು ದಯವಿಟ್ಟು ಬೇಡ, ಪ್ರೆಶರ್ ತಡೆಯೋ ವ್ಯವಸ್ಥೆನೇ ಅದ್ರಲ್ಲಿಲ್ಲ.

ಒಂದು ವಿಷಯ ತಿಳ್ಕೊಂಡು ದುಡ್ಡು ಹಾಕಿ. ಹಾಕಿದ ಸ್ಯಾಂಪಲ್‌ನಲ್ಲಿ ಔಷಧಿಯ ಪ್ಲಾಟಿನಂ ಒಟ್ಟು ಎಷ್ಟಿದೆ ಅಂತ ಮಾತ್ರ ಗೊತ್ತಾಗತ್ತೆ, ಯಾವ ಜಾಗಕ್ಕೆ ಅಂಟಿದೆ ಅಂತಲ್ಲ, ಡಿಎನ್ಎನೇ ಪುಡಿಯಾಗಿ ಹೋಗಿರತ್ತಲ್ಲ. ಜಾಗ ಬೇಕಿದ್ರೆ ಡಿಎನ್ಎನ ಎಂಜೈಮ್‌ನಿಂದ ಕತ್ತರಿಸಿ ಎಲ್‌ಸಿ-ಎಂಎಸ್‌ಗೆ (ತುಂಡುಗಳನ್ನ ಬೇರ್ಪಡಿಸಿ ತೂಕದಿಂದ ಗುರುತಿಸೋ ಮೆಷಿನ್) ಹಾಕ್ಬೇಕು. ಬರೀ ಶುದ್ಧ ಮಾಡಿದ ಡಿಎನ್ಎ, ಅದೂ ಕೆಲವೇ ಸ್ಯಾಂಪಲ್ ಇದ್ರೆ ಸಾಧಾರಣ ಹೀಟಿಂಗ್ ಬ್ಲಾಕೇ ಸಾಕಾಗತ್ತೆ, ಟಿಶ್ಯೂ ಜಾಸ್ತಿ ಬರೋ ಲ್ಯಾಬ್‌ನೋರು ಮಾತ್ರ ಇದನ್ನ ತಗೊಳ್ಳಿ.