ವಿಕಿಪೀಡಿಯ: 11 ವರ್ಷ ಬಳಸಿದ ಮೇಲೆ

ವಿಕಿಪೀಡಿಯ ಆ್ಯಪ್ ನನ್ನ ಫೋನಿಗೆ ಬಂದು 11 ವರ್ಷವಾಯಿತು. ದಿನಕ್ಕೆ ನಾಲ್ಕೈದು ಸಲವಾದರೂ ತೆರೆಯುತ್ತೇನೆ. ಜಾಹೀರಾತಿನ ಕಾಟವಿಲ್ಲ, ಚಂದಾ ಕಟ್ಟಬೇಕಿಲ್ಲ. 2003ರಿಂದ ಕನ್ನಡದಲ್ಲೂ ಇದೆ. ಕನ್ನಡದ ಎಷ್ಟೋ ಪುಟಗಳು ಇನ್ನೂ ಚಿಕ್ಕವು, ಜಾಸ್ತಿ ವಿವರ ಬೇಕಾದರೆ ಇಂಗ್ಲಿಷ್ ಪುಟಕ್ಕೇ ಹೋಗಬೇಕು. ಆದರೂ ಮಾಹಿತಿಗೆ 5ಕ್ಕೆ 4.5 ಕೊಡುತ್ತೇನೆ. ನೆನಪಿನ ಬದಲಿಗೆ ಬಳಸಿದ್ದಕ್ಕೆ 2 ಮಾತ್ರ.

ಯಾಕೆ ಅಂತ ಹೇಳುತ್ತೇನೆ. ಕಳೆದ ಜನವರಿಯಲ್ಲಿ ಅಪ್ಪ, ಮಗಳ ಜೊತೆ ಲಾಲ್‌ಬಾಗ್‌ಗೆ ಹೋಗಿದ್ದೆ. ಬಂಡೆ ಹತ್ತಿ ಕೆಂಪೇಗೌಡ ಗೋಪುರದ ಹತ್ತಿರ ಕೂತೆವು. "ಅಮ್ಮಾ, ಈ ಕಲ್ಲಿಗೆ ಎಷ್ಟು ವಯಸ್ಸು?" ಅಂದಳು ಮಗಳು. ಲಾಲ್‌ಬಾಗ್ ಪುಟವನ್ನು ಹತ್ತು ಸಲವಾದರೂ ಓದಿದ್ದೇನೆ. ಎಷ್ಟು ಕೆಳಗೆ ಹೋದರೆ ಬಂಡೆಯ ವಿಷಯ ಸಿಗುತ್ತದೆ ಅನ್ನುವುದು ನೆನಪಿತ್ತು. ವಯಸ್ಸು ಮಾತ್ರ ಬಾಯಿಗೆ ಬರಲಿಲ್ಲ. ಫೋನಿನಲ್ಲಿ ಚಾರ್ಜ್ ಇರಲಿಲ್ಲ.

ಅಪ್ಪ ಅಂಗೈಯಿಂದ ಬಂಡೆ ತಟ್ಟಿ, "ಸುಮಾರು ಮುನ್ನೂರು ಕೋಟಿ ವರ್ಷ ಪುಟ್ಟಿ" ಅಂದರು. ಹೈದರ್ ಅಲಿ ತೋಟ ಶುರು ಮಾಡಿದ್ದು 1760, ಗಾಜಿನ ಮನೆ 1889. ಎಲ್ಲಾ ಸರಾಗವಾಗಿ ಬಂತು. ಅವರು ಓದಿದ್ದು ಒಂದೇ ಸಲವಂತೆ, ಯಾವುದೋ ಹಳೇ ವಾರಪತ್ರಿಕೆಯಲ್ಲಿ. "ಮತ್ತೆ ಕೈಗೆ ಸಿಗಲ್ಲ ಅಂತ ಗೊತ್ತಿತ್ತಲ್ಲಮ್ಮ, ಅದಕ್ಕೇ ನೆನಪಿಟ್ಕೊಂಡೆ" ಅಂದರು. ಆ ಮಾತು ನನಗೆ ನಾಟಿತು.

2011ರಲ್ಲಿ ಮನಶ್ಶಾಸ್ತ್ರಜ್ಞೆ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ. ಮಾಹಿತಿ ಮತ್ತೆ ಸಿಗುತ್ತದೆ ಅಂತ ಗೊತ್ತಿದ್ದರೆ ಜನ ಅದನ್ನು ಕಡಿಮೆ ನೆನಪಿಟ್ಟುಕೊಳ್ಳುತ್ತಾರೆ, ಎಲ್ಲಿ ಸಿಗುತ್ತದೆ ಅನ್ನುವುದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ ಅಂತ. ನನ್ನ ಕಥೆಯೂ ಅದೇ ಅಲ್ವಾ?

ಆ್ಯಪ್ ತೆಗೆದುಹಾಕಿಲ್ಲ. ಬಳಸುವ ರೀತಿ ಬದಲಾಯಿಸಿದೆ. ಏನಾದರೂ ಹುಡುಕುವ ಮುಂಚೆ ನನಗೆ ಗೊತ್ತಿರುವುದನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಆಮೇಲೆ ಪುಟ ತೆರೆಯುತ್ತೇನೆ. ಸಾಲಿನ ಕೊನೆಯ ಪುಟ್ಟ ಅಂಕಿ ಒತ್ತಿ ಮೂಲವನ್ನೂ ನೋಡುತ್ತೇನೆ. ನೀವೂ ಅದನ್ನು ಬಿಡಬೇಡಿ.

ಮೊನ್ನೆ ಶಿವನಸಮುದ್ರದ ಕರೆಂಟ್ ಬೆಂಗಳೂರಿಗೆ ಬಂದ ವರ್ಷ 1902 ಅಂತ ಬರೆದಿದ್ದೆ. ನೋಡಿದರೆ ಅದು ಕೋಲಾರದ ಚಿನ್ನದ ಗಣಿಗೆ ಹೋದ ವರ್ಷ. ಬೆಂಗಳೂರಿಗೆ ಬಂದದ್ದು 1905. ಸಂಜೆ ಸೊಪ್ಪು ಬಿಡಿಸುತ್ತಾ ಎರಡನ್ನೂ ಮಗಳಿಗೆ ಹೇಳಿದೆ, ಫೋನ್ ನೋಡದೆ.